ಗರ್ಮಿಯ ದಿನಗಳ ಅತ್ತೆ

ಅತ್ತೆಯ ಬಲ ಮುಂಗೈ ಮೇಲೆ ಹಸಿರು ಹಚ್ಚೆಯ ಚೇಳೊಂದಿತ್ತು. ಅವಳು ರೊಟ್ಟಿ ಬಡಿಯುವಾಗ ಆ ಚೇಳು ಓಡುತ್ತಿತ್ತು. ಜೋಳದ ಹಿಟ್ಟಿನ ಬಿಳಿಯಲ್ಲಿ ಅರ್ಧ ಮುಳುಗಿ, ಕೈ ತಿರುಗಿದಂತೆಲ್ಲ ಕೊಂಡಿ ಎತ್ತಿ ಇಳಿಸಿ, ಒಲೆಯ ಬೆಳಕಿಗೆ ಹತ್ತಿರ ಬಂದು ಮತ್ತೆ ನೆರಳಿಗೆ ಸರಿಯುತ್ತಿತ್ತು. ಚಿಕ್ಕವಳಿದ್ದಾಗ ನಾನು ರೊಟ್ಟಿಗಾಗಿ ಅಲ್ಲ, ಆ ಚೇಳನ್ನು ನೋಡಲೆಂದೇ ಅವಳ ಒಲೆಯ ಮುಂದೆ ಕೂಡುತ್ತಿದ್ದೆ. "ಕಡೀತದೇನತ್ತಿ ಅದು?" ಎಂದು ಕೇಳಿದರೆ, "ಹಚ್ಚಿಸಿಕೊಂಡ ದಿನ ಕಡದದ್ದೇ ಕಡದದ್ದು ಬೇ, ಆಮ್ಯಾಲ ಸುಮ್ನಾಗ್ಯದ" ಎನ್ನುತ್ತಿದ್ದಳು.

ಅವಳು ನನ್ನ ತಂದೆಯ ಅಕ್ಕ. ಮುಂದೆ ಅವಳ ಮಗನಿಗೇ ನನ್ನನ್ನು ಕೊಟ್ಟಿದ್ದರಿಂದ ಎರಡೂ ಕಡೆಯಿಂದ ಅತ್ತೆಯಾದಳು. ನನ್ನ ತವರು ದೇವದುರ್ಗ. ಅವಳ ಮನೆ ಇದ್ದದ್ದು ರಾಯಚೂರಿನಿಂದ ಮಾನ್ವಿಗೆ ಹೋಗುವ ದಾರಿಯ ಕಲ್ಲೂರಿನಲ್ಲಿ. ಗಂಡ ಬೇಗ ತೀರಿಹೋಗಿದ್ದ. ಒಬ್ಬನೇ ಮಗ. ಕೂಲಿಗೆ ಹೋಗಿ, ಇದ್ದ ತುಂಡು ಹೊಲದಲ್ಲಿ ಜೋಳ ಬೆಳೆದು ಬದುಕು ಎಳೆದವಳು. ಒಲೆಯ ಜೊತೆ, ಎಮ್ಮೆಯ ಜೊತೆ, ಹರಿದ ಚಪ್ಪಲಿಯ ಜೊತೆಯೂ ಮಾತಾಡುತ್ತಿದ್ದಳು. ಉರಿಯದ ಕಟ್ಟಿಗೆಗೆ "ಯಾಕಪ್ಪಾ, ನಿನಗೇನು ಕಡಿಮಿ ಮಾಡೀನಿ?" ಎಂದು ಕೇಳುವುದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ.

ಅವಳಿಗೆ ಕನಸು ಹೇಳುವ ಚಟವೂ ಇತ್ತು. ಬೆಳಿಗ್ಗೆ ಇದ್ದಿಲಿನಿಂದ ಹಲ್ಲು ತಿಕ್ಕುತ್ತ ಕಟ್ಟೆಯ ಮೇಲೆ ಕೂತಳೆಂದರೆ, ಎದುರಿಗೆ ಯಾರಿದ್ದಾರೆಂದೂ ನೋಡದೆ ಶುರುಮಾಡುತ್ತಿದ್ದಳು. "ನಿನ್ನಿ ನಿಮ್ಮ ಮಾವ ಬಂದಿದ್ದ ಬೇ. ಪುಂಡಿಪಲ್ಯ ನೀಡು ಅಂದ. ಇವತ್ತ ಮಾಡಿಲ್ಲ ಅಂದೆ. ಎದ್ದು ಹೋಗೇಬಿಟ್ಟ ನೋಡು. ಸತ್ತು ಇಷ್ಟು ದಿನ ಆದ್ರೂ ಸಿಟ್ಟು ಹೋಗಿಲ್ಲ ಅವಂದು." ಅವಳ ಕನಸಿನಲ್ಲಿ ಕೃಷ್ಣಾ ನದಿ ಕಲ್ಲೂರಿನ ಓಣಿಗೆ ಬಂದು ಬಾಗಿಲು ಬಡಿಯುತ್ತಿತ್ತು, ಕುರಿಗಳು ಬೇವಿನ ಮರವೇರಿ ಕೂಡುತ್ತಿದ್ದವು, ಯಾರೋ ಗುರುತಿಲ್ಲದ ಹೆಂಗಸು ಬಂದು ಅವಳ ಜಡೆ ಹೆಣೆದು ಹೋಗುತ್ತಿದ್ದಳು. ಈಗ ಹಿಂದಿರುಗಿ ನೋಡಿದರೆ ಆ ವರ್ಷಗಳೇ ನನಗೆ ಅವಳ ಬಾಯಿಂದ ಕೇಳಿದ ಕನಸಿನ ಹಾಗೆ ಕಾಣುತ್ತವೆ. ಬಿಸಿಲು ಬಹಳ, ಸದ್ದು ಕಡಿಮೆ, ಮನುಷ್ಯರು ನೆಲಕ್ಕೆ ಕಾಲು ತಾಗಿಸದೆ ಓಡಾಡಿದ ಹಾಗೆ.

ಅವಳ ಮಗ ಹುಡುಗನಿದ್ದಾಗಲೇ ಮುಂಬಯಿಗೆ ಓಡಿಹೋಗಿ, ಹಲವು ವರ್ಷ ಅಲ್ಲಿದ್ದು, ಲಾರಿ ನಡೆಸಲು ಕಲಿತು ಬಂದಿದ್ದ. ನಮ್ಮ ಮದುವೆಯಾದಾಗ ನಾನು ಇನ್ನೂ ಎಳೆಯವಳು, ಅವನು ನನಗಿಂತ ಬಹಳ ದೊಡ್ಡವನು. ಎರಡನೆಯ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದ ಲಾರಿಯಲ್ಲಿ ಅವನು ಮಾನ್ವಿ, ದೇವದುರ್ಗದ ಹತ್ತಿಯನ್ನು ರಾಯಚೂರಿನ ಹತ್ತಿ ಬಿಡಿಸುವ ಜಿನ್ನುಗಳಿಗೆ ಸಾಗಿಸುತ್ತಿದ್ದ. ಮನೆಗೆ ಬಂದಾಗ ಕೂದಲಲ್ಲಿ, ಹುಬ್ಬಿನಲ್ಲಿ ಹತ್ತಿಯ ಎಳೆಗಳು ಅಂಟಿರುತ್ತಿದ್ದವು. ನಾನು ಒಂದೊಂದಾಗಿ ತೆಗೆಯುತ್ತಿದ್ದೆ, ಅವನು ಕಣ್ಣು ಮುಚ್ಚಿ ಕೂತಿರುತ್ತಿದ್ದ. ಕೆಟ್ಟವನಲ್ಲ. ದನಿ ಎತ್ತಿ ಮಾತಾಡಿದವನಲ್ಲ. ನಮಗೆ ಮಕ್ಕಳಾಗಲಿಲ್ಲ.

ಒಂದು ದಿನ ಅಂಗಳದಲ್ಲಿ ನಡೆಯುತ್ತ ನಿಂತುಬಿಟ್ಟು, "ನೆಲ ಹತ್ತಿ ಆಗ್ಯದ. ಹತ್ತಿ ಮ್ಯಾಲ ಕಾಲಿಟ್ಟಂಗ ಆಗಾಕತ್ತದ" ಎಂದ. ಹಗಲೆಲ್ಲ ಹತ್ತಿ ಹೊರುವವನ ತಮಾಷೆ ಎಂದು ನಾವು ನಕ್ಕೆವು. ಅದು ತಮಾಷೆಯಾಗಿರಲಿಲ್ಲ. ಆಮೇಲೆ ಕತ್ತಲಲ್ಲಿ ನಡೆಯಲಾಗದೆ ಗೋಡೆ ಹಿಡಿದ, ಕಾಲಿಗೆ ಮಿಂಚು ಹೊಡೆದಂತೆ ನೋವು ಎಂದು ಕೂಗಿದ, ಲಾರಿ ಬಿಟ್ಟ, ಕೊನೆಗೆ ನನ್ನನ್ನೇ ಗುರುತಿಸದೆ ಮುಂಬಯಿಯ ಯಾರು ಯಾರದೋ ಹೆಸರು ಕರೆಯತೊಡಗಿದ. ರಾಯಚೂರಿನ ದವಾಖಾನೆಗೆ ಸೇರಿಸಿದೆವು. ಅಲ್ಲಿಂದ ಅವನು ಮರಳಿ ಬರಲಿಲ್ಲ.

ದವಾಖಾನೆಯ ಲೇಡಿ ಡಾಕ್ಟರು ಹೈದರಾಬಾದಿನ ಕಡೆಯವರು. ಬಿಳಿ ಸೀರೆ, ದಪ್ಪ ಕನ್ನಡಕ, ಉರ್ದು ಬೆರೆತ ಕನ್ನಡ. ಅವನು ಇನ್ನೂ ಬದುಕಿದ್ದಾಗಲೇ ನನ್ನೊಬ್ಬಳನ್ನೇ ಒಳಗೆ ಕರೆದು, ಪರದೆ ಎಳೆದು, ಮೆಲ್ಲಗೆ ಹೇಳಿದರು. ಅವನಿಗಿದ್ದದ್ದು ಗರ್ಮಿ ರೋಗ. ಗಂಡು ಹೆಣ್ಣಿನ ಸಂಗದಿಂದ ಹತ್ತುವಂಥದು. ಮದುವೆಗೂ ಬಹಳ ಹಿಂದೆ ಅವನಿಗೆ ಹತ್ತಿದ್ದು, ಹೊರಗೆ ಮಾಯ್ದಂತೆ ಕಂಡು ಒಳಗೊಳಗೇ ನರಗಳಿಗೆ ಇಳಿದುಬಿಟ್ಟಿತ್ತು. ನನ್ನ ತೋಳಿನಿಂದ ರಕ್ತ ತೆಗೆದು ಹೈದರಾಬಾದಿಗೆ ಕಳಿಸಿದರು. ಅವನ ಮಣ್ಣಾದ ಮೇಲೆ ಫಲಿತಾಂಶ ಬಂತು. "ಬೇಟಿ, ನಿನ್ನ ಖೂನು ಸಾಫ್ ಅದ. ಮದುವಿ ಹೊತ್ತಿಗೆ ಅದು ಹತ್ತೋ ಕಾಲ ಮುಗದಿತ್ತು, ರೋಗ ನಿನ್ನತನಕ ಬಂದಿಲ್ಲ" ಎಂದರು. ಕೆಲವು ತಿಂಗಳು ಬಿಟ್ಟು ಮತ್ತೊಮ್ಮೆ ನೋಡಿದರು. ಆಗಲೂ ಸಾಫ್.

ಅವರು ಹೇಳಿದ್ದು ಕಿವಿಗೆ ಕೇಳಿತು. ಮೈಗೆ ಕೇಳಲಿಲ್ಲ.

ನಮ್ಮ ಸೀಮೆಯಲ್ಲಿ ಬಿಸಿಲಿಗೂ ಗರ್ಮಿ ಎನ್ನುತ್ತಾರೆ. ಮಾಘ ಕಳೆಯಿತೆಂದರೆ ಸಂತೆಯಲ್ಲಿ, ಬಾವಿಯ ಹತ್ತಿರ, ಬಸ್ಸಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು: "ಗರ್ಮಿ ಭಾಳ ಆತು ನೋಡ್ರಿ." ಪ್ರತಿ ಸಲವೂ ನಾನು ಸೆರಗು ಎಳೆದುಕೊಳ್ಳುತ್ತಿದ್ದೆ. ಅವರಿಗೆ ಗೊತ್ತಾಗಿದೆ, ನನಗೇ ಹೇಳುತ್ತಿದ್ದಾರೆ ಅನ್ನಿಸುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಅಂಗಳಕ್ಕೆ ಹೋಗಿ ಎರಡೂ ಅಂಗೈಗಳನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದೆ, ಮಚ್ಚೆ ಎದ್ದಿದೆಯೇ ಎಂದು. ಹಸಿಮೆಣಸಿನಕಾಯಿ ತಿಂದು ಬಾಯಿ ಉರಿದರೆ ಹುಣ್ಣು ಬಂತು ಎಂದು, ಬಾಚಣಿಗೆಯಲ್ಲಿ ನಾಲ್ಕು ಕೂದಲು ಬಂದರೆ ಇನ್ನು ತಲೆ ಬೋಳಾಗುತ್ತದೆ ಎಂದು. ನಾನು ನೀರು ಕುಡಿಯುವ ಚರಿಗೆ ಬೇರೆ, ನನ್ನ ಚಾಪೆ ಬೇರೆ. ನನ್ನ ಸೀರೆಯನ್ನು ನಾನೇ ಕುದಿಸುತ್ತಿದ್ದೆ. ನೆರೆಮನೆಯವರು ಕೂಸನ್ನು ಎತ್ತಿಕೋ ಎಂದು ಚಾಚಿದರೆ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದೆ. ನೆಲದ ಮೇಲೆ ನಡೆಯುವಾಗ ನಿಂತು ನಿಂತು ನೋಡುತ್ತಿದ್ದೆ: ನೆಲ ಗಟ್ಟಿಯಾಗಿದೆಯೇ, ಹತ್ತಿಯಾಗುತ್ತಿದೆಯೇ?

ಡಾಕ್ಟರು ಹೇಳಿದ್ದನ್ನು ನಾನು ಅತ್ತೆಯೊಬ್ಬಳಿಗೇ ಹೇಳಿದ್ದೆ. ಅವಳು ಇದನ್ನೆಲ್ಲ ನೋಡುತ್ತಿದ್ದಳು. ಮಗ ಹೋದ ಮೇಲೆ ಅವಳು ಕನಸು ಹೇಳುವುದನ್ನು ಬಿಟ್ಟಿದ್ದಳು. ಕಟ್ಟೆಯ ಮೇಲೆ ಕೂತು ಹಲ್ಲು ತಿಕ್ಕಿ, ಬಾಯಿ ಮುಕ್ಕಳಿಸಿ, ಸುಮ್ಮನೆ ಎದ್ದು ಹೋಗುತ್ತಿದ್ದಳು. ಎಮ್ಮೆಯ ಜೊತೆಯೂ ಮಾತಿಲ್ಲ.

ಹೀಗೆ ಒಂದು ಬೇಸಿಗೆಯ ಬೆಳಿಗ್ಗೆ ನಾನು ಅಂಗಳದಲ್ಲಿ ಅಂಗೈ ನೋಡಿಕೊಳ್ಳುತ್ತಿದ್ದಾಗ, ಅವಳು ಕಟ್ಟೆಯಿಂದ, "ನಿನ್ನಿ ಒಂದು ಕನಸು ಬಿತ್ತು ಬೇ" ಎಂದಳು. ಎಷ್ಟೋ ದಿನದ ಮೇಲೆ ಅವಳು ಹಾಗೆ ಕರೆದದ್ದು. ಹೋಗಿ ಕೂತೆ.

"ಒಬ್ಬಾಕಿ ತಾಯಿ ಇದ್ಲು" ಎಂದು ಶುರುಮಾಡಿದಳು. "ದೂರದೂರಿಂದ ಆಕಿ ಮಗ ಬಂದ. ಅಳಾಕತ್ತಿದ್ದ. ಯವ್ವಾ, ಅಲ್ಲಿದ್ದಾಗ ನನಗೊಂದು ಕೆಟ್ಟ ಹುಣ್ಣಾಗಿತ್ತು, ಹಕೀಮ ಔಷಧ ಕೊಟ್ಟ, ಮಾಯ್ತು ಅಂದ. ಮಾಯ್ದದ್ದು ಖರೇ ಆದ್ರ ಯಾರ ಮುಂದೂ ಅನಬ್ಯಾಡ ಅಂದ್ಲು ತಾಯಿ. ಆಮ್ಯಾಲ ಹೊಸಾ ಸೀರಿ ಉಟ್ಟುಕೊಂಡು ತಮ್ಮನ ಮನಿಗೆ ಹೋದ್ಲು. ಹೆಣ್ಣು ಕೇಳಿದ್ಲು. ತಮ್ಮ ಖುಷಿಯಿಂದ ಕೊಟ್ಟ."

ಅಲ್ಲಿಗೆ ನಿಲ್ಲಿಸಿದಳು. ಬೇವಿನ ನೆರಳು ಕಟ್ಟೆಯ ಮೇಲೆ ಅಲ್ಲಾಡುತ್ತಿತ್ತು. ನನಗೆ ನಿಜವಾಗಿಯೂ ಕನಸನ್ನೇ ಕೇಳುತ್ತಿದ್ದ ಹಾಗಿತ್ತು. "ಆಮ್ಯಾಲ?" ಎಂದೆ.

"ಆಮ್ಯಾಲ ಏನದ. ಎಚ್ಚರಾತು."

ಅಂಗೈ ಮಡಚಿಕೊಂಡು ಕೇಳಿದೆ: "ಅತ್ತಿ, ಅದು ಕನಸೇನು?"

"ಅಲ್ಲ ಬೇ" ಎಂದಳು. ನನ್ನ ಮುಖವನ್ನೇ ನೋಡಿ ಹೇಳಿದಳು, ಕಣ್ಣು ತಗ್ಗಿಸಲಿಲ್ಲ.

ನಾನು ಎದ್ದು ನನ್ನ ಚರಿಗೆ, ಚಾಪೆ, ಎರಡು ಸೀರೆ ಕಟ್ಟಿಕೊಂಡು, ದಾರಿಗೆ ಬಂದ ಬಂಡಿಗಳನ್ನು ಹಿಡಿಯುತ್ತ ದೇವದುರ್ಗಕ್ಕೆ ಹೋದೆ. ಆ ಪ್ರಯಾಣ ನೆನಪಿಲ್ಲ. ದಾರಿಯುದ್ದಕ್ಕೂ ಕೆಂಪು ಬಂಡೆಗಳು ಬಿಸಿಲಲ್ಲಿ ನಡುಗುತ್ತಿದ್ದವು, ನೀರಿನ ಮೇಲೆ ತೇಲುವಂತೆ ಕಾಣುತ್ತಿದ್ದವು ಎನ್ನುವುದಷ್ಟೇ ಕಣ್ಣ ಮುಂದಿದೆ.

ತವರಿನಲ್ಲಿ ಯಾರಿಗೂ ರೋಗದ ಹೆಸರು ಗೊತ್ತಿರಲಿಲ್ಲ. ಅಳಿಯ ವಾಯುವಿನಿಂದ ಸತ್ತ ಎಂದುಕೊಂಡಿದ್ದರು. ನಾನು ಬೇರೆ ಚರಿಗೆ ಇಟ್ಟುಕೊಂಡದ್ದಕ್ಕೆ ಅವ್ವ, "ಗಂಡ ಸತ್ತ ದುಃಖಕ್ಕ ಹಿಂಗ ಮಾಡಾಕತ್ಯಾಳ" ಎಂದು ನೆರೆಯವರಿಗೆ ಹೇಳುತ್ತಿದ್ದಳು. ನಾನು ಹೇಳಲಾರೆ, ಅವರು ಕೇಳಲಾರರು. ಅಲ್ಲಿ ಭಯ ಇನ್ನೂ ಬೆಳೆಯಿತು. ಅವ್ವನ ಮುದ್ದೆಯ ತಟ್ಟೆಯ ಹತ್ತಿರ ನನ್ನ ಸೆರಗು ಹಾರಿದರೂ ಆ ದಿನವೆಲ್ಲ ಊಟ ಸೇರುತ್ತಿರಲಿಲ್ಲ.

ಕೆಲ ದಿನಗಳಲ್ಲಿ ಅತ್ತೆ ಬಂದಳು. ನಡೆದೇ ಬಂದಿದ್ದಳು, ಪಾದಗಳು ಬಿರಿದಿದ್ದವು. ಒಳಗೆ ಬಾ ಎಂದರೂ ಬರದೆ ಅಂಗಳದಲ್ಲೇ ನಿಂತು, ನನ್ನ ತಂದೆಯನ್ನು ಕರೆದು, ಕಟ್ಟೆಯ ಮೇಲೆ ನನಗೆ ಹೇಳಿದ್ದನ್ನೆಲ್ಲ ಹೇಳಿದಳು. ಈ ಸಲ ಕನಸೆಂದು ಹೇಳಲಿಲ್ಲ. ರೋಗದ ಹೆಸರನ್ನೂ ಹೇಳಿದಳು. ನನ್ನ ರಕ್ತ ಸಾಫ್ ಇದೆ ಎಂಬುದನ್ನೂ ಹೇಳಿದಳು.

ಅಪ್ಪ ಕಟ್ಟೆಯಿಂದ ಇಳಿದು ಅವಳೆದುರು ನಿಂತ. ಆಮೇಲೆ, "ತಮ್ಮನ ಮಗಳು ಅನ್ನೋದಾದ್ರೂ ನೆನಪಾಗ್ಲಿಲ್ಲೇನಕ್ಕಾ ನಿನಗ?" ಎಂದ.

"ನೆನಪಿತ್ತಪ್ಪಾ. ನೆನಪಿದ್ದೇ ಸುಮ್ನಿದ್ದೆ. ಮಾಯ್ದದ ಅಂತ ನಂಬಿದ್ದೆ. ನಂಬಿದ್ದು ಸುಳ್ಳಲ್ಲ. ಸುಮ್ನಿದ್ದದ್ದು ತಪ್ಪು."

ಅಪ್ಪ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅವ್ವ ನೀರೂ ಕೊಡಲಿಲ್ಲ. ಅತ್ತೆ ಹೋಗಲಿಲ್ಲ. ಹಗಲೆಲ್ಲ ಅಂಗಳದ ಹುಣಸೆಮರದ ಬುಡದಲ್ಲಿ ಕೂತಳು. ನೆರಳು ಸರಿದ ಕಡೆ ತಾನೂ ಸರಿಯುತ್ತ, ಸೊಂಟಕ್ಕೆ ಕೈ ಕೊಟ್ಟು ಎದ್ದು, ಮತ್ತೆ ಕೂಡುತ್ತ. ಹೊತ್ತು ಇಳಿಯುವಾಗ ನನಗೆ ತಡೆಯಲಾಗಲಿಲ್ಲ. ಮನೆಯ ಬೇರೆ ಪಾತ್ರೆ ಮುಟ್ಟುವ ಧೈರ್ಯವಿಲ್ಲದೆ ನನ್ನ ಚರಿಗೆಯಲ್ಲೇ ನೀರು ತಂದು, ಅವಳ ಮುಂದೆ ದೂರದಲ್ಲಿಟ್ಟು, "ಬೊಗಸೆ ಹಿಡಿ, ಹಾಕ್ತೀನಿ. ಈ ಚರಿಗಿ ನಂದು" ಎಂದೆ.

"ಗೊತ್ತದ" ಎಂದಳು. ಚರಿಗೆ ಎತ್ತಿ ತುಟಿಗಿಟ್ಟುಕೊಂಡು ಪೂರಾ ಕುಡಿದಳು. ನಾನು ಬೇಡ ಬೇಡ ಎನ್ನುತ್ತಿದ್ದೆ. ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದಳು: "ನಿನಗ ಇದ್ರ ನನಗೂ ಇರ್ಲಿ ತಗೋ. ಇಲ್ಲಂದ್ರ ಇಬ್ಬರಿಗೂ ಇಲ್ಲ. ಅಂಜಬ್ಯಾಡ ಅಂತ ನಾ ಅನ್ನಂಗಿಲ್ಲ ಬೇ. ಅನ್ನೋ ಬಾಯಿ ನಂದಲ್ಲ. ಅಂಜಿಕಿ ಇದ್ರ ಇರ್ಲಿ. ಅದರ ಕೂಡ ನೀನೂ ಇರು."

ಮರುದಿನ ನಾನು ಅವಳ ಜೊತೆಗೇ ಕಲ್ಲೂರಿಗೆ ಹೊರಟೆ. ಯಾಕೆ ಹೋದೆ ಎಂದು ಅವ್ವ ಸಾಯುವವರೆಗೂ ಕೇಳುತ್ತಿದ್ದಳು. ಸಿಟ್ಟು ಹೋಗಿರಲಿಲ್ಲ, ಅದು ಹೋಗಲು ವರ್ಷಗಳೇ ಬೇಕಾದವು. ಆದರೆ ನನ್ನ ಭಯದ ಹೆಸರು ಗೊತ್ತಿದ್ದ ಒಂದೇ ಮನೆ ಅದು. ಅಲ್ಲಿ ನಾನು ಅಂಗೈ ನೋಡಿಕೊಂಡರೆ ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ.

ಅಂದಿನಿಂದ ನಾನು ಮತ್ತೆ ರಕ್ತ ತೋರಿಸಲು ರಾಯಚೂರಿಗೆ ಹೋಗಬೇಕೆಂದಾಗಲೆಲ್ಲ ಅತ್ತೆ ರೊಟ್ಟಿ ಕಟ್ಟಿಕೊಂಡು ಹೊರಡುತ್ತಿದ್ದಳು. ಬೇಡ ಎಂದು ಒಮ್ಮೆಯೂ ಅನ್ನಲಿಲ್ಲ. ಡಾಕ್ಟರಮ್ಮನೇ ಬೇಸತ್ತು ಒಂದು ದಿನ ಸೂಜಿ ಕೆಳಗಿಟ್ಟರು. "ಬೇಟಿ, ಇನ್ನ ನಾ ಖೂನು ತಗೊಳ್ಳಂಗಿಲ್ಲ. ನಿನ್ನ ರೋಗ ಖೂನಿನಾಗ ಇಲ್ಲ, ಇಲ್ಲಿ ಅದ" ಎಂದು ನನ್ನ ಹಣೆ ಮುಟ್ಟಿ ತೋರಿಸಿದರು. ಬೈದು ಹೇಳಲಿಲ್ಲ. ಆ ಬೆರಳು ತಣ್ಣಗಿತ್ತು.

ಹಿಂದಿರುಗುವಾಗ ಕೋಟೆಯ ಹತ್ತಿರದ ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ನೀರಿನಲ್ಲಿ ಗುಡ್ಡವೂ ಕೋಟೆಗೋಡೆಯೂ ತಲೆಕೆಳಗಾಗಿ ತೂಗುತ್ತಿದ್ದವು. ಜಿನ್ನುಗಳ ಕಡೆಯಿಂದ ಗಾಳಿಗೆ ಹಾರಿಬಂದ ಹತ್ತಿಯ ಎಳೆಗಳು ನಮ್ಮ ತಲೆಯ ಮೇಲೆ, ರೊಟ್ಟಿಯ ಮೇಲೆ, ನೀರಿನ ಮೇಲೆ ಮೆಲ್ಲಗೆ ಇಳಿಯುತ್ತಿದ್ದವು. ಅತ್ತೆ ನನ್ನ ಕೂದಲಿಂದ ಒಂದೆಳೆ ತೆಗೆದು ಊದಿ ಬಿಟ್ಟಳು. "ಡಾಕ್ಟರಮ್ಮ ಖರೇನ ಹೇಳಿದ್ಲು" ಎಂದಳು. "ಆದ್ರ ತಲ್ಯಾಗಿಂದು ತಗ್ಯಾಕ ಆಕಿ ಕಡೆ ಸೂಜಿ ಇಲ್ಲ ನೋಡು. ನನ್ನ ಕಡೆನೂ ಇಲ್ಲ. ತಿನ್ನು, ಆರ್ತದ." ಆ ದಿನ ಬಹಳ ದಿನಗಳ ಮೇಲೆ ನಾನು ಹೊಟ್ಟೆ ತುಂಬ ತಿಂದೆ. ಯಾಕೋ ತಿಳಿಯದು.

ನಮ್ಮ ಜನದಲ್ಲಿ ಗಂಡ ಸತ್ತವಳು ಇನ್ನೊಬ್ಬನ ಕೈಯಿಂದ ಸೀರೆ ತೆಗೆದುಕೊಂಡು ಸಂಸಾರ ಹೂಡುವ ಪದ್ಧತಿ ಇತ್ತು, ಉಡಕಿ ಎನ್ನುತ್ತಿದ್ದರು. ಮಾನ್ವಿಯಲ್ಲಿ ಕಂಬಳಿ ಮಾರುವವರೊಬ್ಬರಿದ್ದರು, ಮೊದಲು ಕುರಿ ಕಾಯುತ್ತಿದ್ದಾಗ ಪ್ರತಿ ವರ್ಷ ಅತ್ತೆಯ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಲು ಬರುತ್ತಿದ್ದವರು. ಅವರ ಹೆಂಡತಿ ಹೆರಿಗೆಯಲ್ಲಿ ಕೂಸಿನ ಸಮೇತ ತೀರಿಹೋಗಿದ್ದಳು. ಅವರು ನನ್ನನ್ನು ಉಡಕಿಗೆ ಕೇಳಿ ಹೇಳಿಕಳಿಸಿದರು. ಹೆತ್ತ ಮಗನ ಹೆಂಡತಿಯನ್ನು ಮತ್ತೊಬ್ಬನಿಗೆ ಕೊಡಲು ಅತ್ತೆ ಒಪ್ಪುವುದಿಲ್ಲ ಎಂದು ಊರವರು ತಿಳಿದಿದ್ದರು. ಅವಳು ಒಪ್ಪಿದಳು. ಒಲ್ಲೆ ಎಂದವಳು ನಾನು.

"ಅವರಿಗೆ ಹತ್ತಿಸ್ತೀನಿ ಅತ್ತಿ. ಒಂದು ಜೀವ ತಿಂದೀನಿ ಅನಿಸ್ಕೊಳ್ಳಲೇನು?"

"ಡಾಕ್ಟರಮ್ಮ ಏನಂದಾಳ?"

"ಇಲ್ಲ ಅಂದಾರ. ನನಗ ನಂಬಿಕಿ ಬರವಲ್ದು."

"ಹಂಗಾದ್ರ ಅದನ್ನ ಅವರಿಗೇ ಹೇಳಾನು" ಎಂದಳು. "ನಾ ಒಮ್ಮೆ ಸುಮ್ನಿದ್ದು ಕೂತೀನಿ. ಈ ಸಲ ಸುಮ್ನಿರಂಗಿಲ್ಲ."

ಹೇಳಿದರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಆ ಮಾತು ಮಾನ್ವಿಯ ಸಂತೆಯಲ್ಲಿ ಬಿದ್ದರೆ ಕಲ್ಲೂರು, ಮಲ್ಲಟ, ದೇವದುರ್ಗ ಎಲ್ಲೂ ನನಗೆ ನೆರಳು ಸಿಗುತ್ತಿರಲಿಲ್ಲ. ಸತ್ತ ಮಗನ ಮುಖಕ್ಕೂ ಮಸಿ. ಆದರೂ ಅತ್ತೆ ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೊರಟಳು. ನಾನೂ ಹಿಂದೆ ಹೋದೆ.

ಅವರ ಮನೆಯಲ್ಲಿ ಕಂಬಳಿಗಳ ವಾಸನೆ, ಒಳಗೆ ತಂಪು ಕತ್ತಲೆ, ಬಾಗಿಲಲ್ಲಿ ಬಿಳಿ ಬಿಸಿಲು. ಅತ್ತೆ ಮಜ್ಜಿಗೆ ಬೇಡವೆಂದು ದೂರ ಸರಿಸಿ, ನೇರವಾಗಿ ಹೇಳಿದಳು. ಮಗನ ಹುಣ್ಣು, ತನ್ನ ಮೌನ, ಅವನ ಸಾವು, ನನ್ನ ರಕ್ತ, ನನ್ನ ಅಂಗೈ. ಒಂದನ್ನೂ ಬಿಡಲಿಲ್ಲ. ಅವರು ತಲೆ ತಗ್ಗಿಸಿ ಕೇಳುತ್ತ, ಕಂಬಳಿಯ ಅಂಚಿನ ಗಂಟೊಂದನ್ನು ಬಿಚ್ಚುತ್ತ ಕಟ್ಟುತ್ತ ಇದ್ದರು. ಮುಗಿದ ಮೇಲೆ ನನ್ನನ್ನು ಕೇಳಿದರು:

"ನಿನಗ ಏನನಸ್ತದ? ಅದ ಅನಸ್ತದೋ, ಇಲ್ಲ ಅನಸ್ತದೋ?"

ಅಷ್ಟು ದಿನ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. "ಹಗಲ ಇಲ್ಲ ಅನಸ್ತದ್ರಿ" ಎಂದೆ. "ಒಬ್ಬಾಕಿ ಇದ್ದಾಗ ಅದ ಅನಸ್ತದ."

ಅವರು ಕಂಬಳಿಯ ಗಂಟು ಬಿಟ್ಟು ಹೇಳಿದರು: "ಯವ್ವಾ, ನೀವು ನಿಮ್ಮ ಮನಿ ಮಾತು ಹೇಳಿದ್ರಿ. ನಾನೂ ಕುರಿ ಹಿಂದ ಊರೂರು ತಿರುಗಿದಾಂವ. ಸಂತಿ, ಪ್ಯಾಟಿ ಎಲ್ಲಾ ಕಂಡೀನಿ. ನನ್ನ ರಕ್ತ ಯಾರು ನೋಡ್ಯಾರ? ನಡೀರಿ, ನಾನೂ ಕೊಡ್ತೀನಿ. ಇಕಿ ಒಬ್ಬಾಕಿನ ಯಾಕ ಸೂಜಿ ಚುಚ್ಚಿಸ್ಕೋಬೇಕು?"

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳು ಅಳುವುದನ್ನು ನಾನು ಅಂದು ಮೊದಲ ಸಲ ಕಂಡೆ. ಮಗ ಸತ್ತಾಗಲೂ ನನ್ನೆದುರು ಅತ್ತವಳಲ್ಲ.

ಮೂವರೂ ರಾಯಚೂರಿಗೆ ಹೋದೆವು. ಡಾಕ್ಟರಮ್ಮ ನನ್ನನ್ನು ಕಂಡು ಕೈ ಹಣೆಗೆ ಹಚ್ಚಿಕೊಂಡರು. ಆಮೇಲೆ ವಿಷಯ ಕೇಳಿ ಕನ್ನಡಕ ತೆಗೆದು ಅವರನ್ನೇ ನೋಡಿದರು. "ಇಲ್ಲಿಗೆ ಗಂಡಸರು ಬರ್ತಾರ, ರೋಗ ಬಂದ ಮ್ಯಾಲ. ಹಿಂಗ ಯಾರೂ ಬಂದಿಲ್ಲ" ಎಂದರು. ತಾವೇ ಆಡಿದ ಮಾತು ಬಿಟ್ಟು ನಮ್ಮಿಬ್ಬರ ರಕ್ತವನ್ನೂ ಕಳಿಸಿದರು. ಫಲಿತಾಂಶ ಬರುವವರೆಗೆ ಕಂಬಳಿಯವರಿಗೂ ನಿದ್ದೆ ಹತ್ತುತ್ತಿರಲಿಲ್ಲವಂತೆ. ಮುಂದೆ ನಗುತ್ತ ಹೇಳುತ್ತಿದ್ದರು. ಅಂಗೈ ನೋಡಿಕೊಂಡರಂತೆ. ಎರಡೂ ಸಾಫ್ ಎಂದು ತಿಳಿದಾಗ ದವಾಖಾನೆಯ ಮೆಟ್ಟಿಲ ಮೇಲೆಯೇ ಕೂತುಬಿಟ್ಟು, "ಈಗ ತಿಳೀತು ನೋಡು, ನೀ ಹೆಂಗ ಇದ್ದಿ ಅಂತ" ಎಂದರು. ಆ ಮಾತಿಗೆ ನಾನು ಅವರ ಕೈಯಿಂದ ಸೀರೆ ತೆಗೆದುಕೊಂಡೆ ಎಂದರೂ ತಪ್ಪಾಗದು.

ಭಯ ಅಲ್ಲಿಗೇ ಮುಗಿಯಿತೆಂದು ಬರೆದರೆ ಸುಳ್ಳಾಗುತ್ತದೆ. ಮಾನ್ವಿಗೆ ಬಂದ ಮೇಲೂ ಬಹಳ ದಿನ ನನ್ನ ಚಾಪೆ ಬೇರೆಯೇ ಇತ್ತು. ಅವರು ಒತ್ತಾಯ ಮಾಡಲಿಲ್ಲ. ಕಲ್ಲೂರಿನಲ್ಲಿ ಒಬ್ಬಳೇ ಇದ್ದ ಅತ್ತೆಯನ್ನು ಕರೆತಂದು ನಮ್ಮ ಮನೆಯಲ್ಲೇ ಇರಿಸಿಕೊಂಡವರೂ ಅವರೇ. ಮೊದಲ ಗಂಡನ ತಾಯಿ ಎರಡನೆಯ ಗಂಡನ ಮನೆಯಲ್ಲಿ! ಓಣಿಯವರು ನಕ್ಕರು. ಅತ್ತೆ ಅವರೆದುರೇ ಕಟ್ಟೆಯ ಮೇಲೆ ಹಲ್ಲು ತಿಕ್ಕುತ್ತ ಕೂತು ಮತ್ತೆ ಕನಸು ಹೇಳಲು ಶುರುಮಾಡಿದಳು. ನಕ್ಕವರೇ ಕೇಳಲು ಬಂದು ಕೂತರು.

ನನ್ನ ಮಗಳು ಹುಟ್ಟಿದ್ದು ನಿಜಾಮರ ಕೊನೆಯ ದಿನಗಳಲ್ಲಿ, ಊರೂರುಗಳಲ್ಲಿ ಗಲಾಟೆ ತುಂಬಿದ ಕಾಲದಲ್ಲಿ. ಜನ ಹೊರಗಿನ ಭಯದಲ್ಲಿದ್ದರು, ನಾನು ಒಳಗಿನದರಲ್ಲಿ. ಬಸುರಿದ್ದಾಗಲೂ ಡಾಕ್ಟರಮ್ಮ ರಕ್ತ ನೋಡಿ ಸಾಫ್ ಎಂದಿದ್ದರು. ಆದರೂ ಕೂಸಿನ ಅಂಗೈ, ಅಂಗಾಲು ನೋಡುವುದೇ ನನಗೆ ಹಗಲೆಲ್ಲ ಕೆಲಸ. ಮೊದಲ ಬೇಸಿಗೆಗೆ ಅವಳ ಕುತ್ತಿಗೆ, ಬೆನ್ನಿನ ಮೇಲೆಲ್ಲ ಕೆಂಪು ಗುಳ್ಳೆ ಎದ್ದವು. ನಾನು ಕಿರುಚಿದೆ. ಬಂತು, ಬಂತು ಎಂದು ಗೋಡೆಗೆ ತಲೆ ಹೊಡೆದುಕೊಂಡೆ.

ಅತ್ತೆ ಕೂಸನ್ನು ಎತ್ತಿಕೊಂಡು ಹೊರಗೆ ಹೋದಳು. "ಇವತ್ತ ನನ್ನ ಕಡೆ ಕೊಬ್ಬರಿ ಎಣ್ಣಿ ಅದ, ಓಣಿ ಕೂಸುಗಳಿಗೆಲ್ಲಾ ಹಚ್ತೀನಿ, ತರ್ರಿ" ಎಂದು ಕೂಗಿದಳು. ತಾಯಂದಿರು ಬಂದರು. ಕಟ್ಟೆಯ ಮೇಲೆ ಕೂಸುಗಳ ಸಾಲು. ಅಂಗಿ ಬಿಚ್ಚಿಸಿ, ಒಂದೊಂದನ್ನೇ ಮಗ್ಗುಲಾಗಿಸಿ ಎಣ್ಣೆ ಹಚ್ಚುತ್ತ, ಬಾಗಿಲಲ್ಲಿ ನಿಂತ ನನ್ನ ಕಡೆ ನೋಡಿದಳು. ಎಲ್ಲ ಕೂಸುಗಳ ಬೆನ್ನ ಮೇಲೂ ಅವೇ ಗುಳ್ಳೆ. ಬೆವರುಸಾಲೆ. ಎಲ್ಲರೂ ಹೋದ ಮೇಲೆ ಎಣ್ಣೆಗೈಯಿಂದಲೇ ನನ್ನ ಗದ್ದ ಹಿಡಿದು, "ಇಡೀ ಓಣಿಗೆ ನೀನೇ ಹತ್ತಿಸೀಯೇನು ಬೇ?" ಎಂದಳು.

ನನಗೆ ನಗು ಬಂತು. ಬಂದದ್ದು ನಿಲ್ಲಲಿಲ್ಲ. ಕೂಸನ್ನು ಅವುಚಿಕೊಂಡು, ಎಣ್ಣೆ ಮೈಗೆ ಬಳಿದುಕೊಂಡು, ಕಟ್ಟೆಯ ಮೇಲೆ ಬಿದ್ದು ನಕ್ಕೆ. ಅತ್ತೆಯೂ ನಕ್ಕಳು, ಎಂದಿನಂತೆ ಬಾಯಿಗೆ ಕೈ ಅಡ್ಡ ಹಿಡಿದು. ಅಂದಿನಿಂದ ನನ್ನ ಭಯ ಮನೆಯ ಯಜಮಾನಿಕೆ ಬಿಟ್ಟಿತು. ಆಮೇಲೂ ಬರುತ್ತಿತ್ತು, ನೆಂಟರ ಹಾಗೆ. ಬಂದು ಕೂತು ಹೋಗುತ್ತಿತ್ತು. ಮುಂದೆ ಊರಿಗೆ ಬಾಲವಾಡಿ ಬಂದು ನಾನು ಅಲ್ಲಿ ಮಕ್ಕಳಿಗೆ ಕಲಿಸುವಾಗ, ಹೊತ್ತು ಮುಳುಗುವವರೆಗೂ ಯಾರಾದರೊಂದು ಕೂಸು ನನ್ನ ತೊಡೆಯ ಮೇಲೆ ಇರುತ್ತಿತ್ತು.

ನಿಜಾಮರ ಆಳ್ವಿಕೆ ಹೋದ ಮರುವರ್ಷ ಅತ್ತೆ ತೀರಿಕೊಂಡಳು. ಬಹಳ ನರಳಲಿಲ್ಲ. ಕೆಲ ದಿನ ಜ್ವರ ಬಂದು, ಒಂದು ಮಧ್ಯಾಹ್ನ ಎಲ್ಲರೂ ಉಂಡು ಮಲಗಿದ್ದಾಗ, ತಾನೂ ಮಲಗಿದವಳು ಏಳಲಿಲ್ಲ. ಕಲ್ಲೂರಿನಲ್ಲೇ ಮಣ್ಣು ಮಾಡಬೇಕೆಂದು ಮೊದಲೇ ಹೇಳಿದ್ದಳು. ಬಂಡಿಯಲ್ಲಿ ಮಲಗಿಸಿಕೊಂಡು ಹೋದೆವು. ದಾರಿಯ ಎರಡೂ ಕಡೆ ಹೊಲಗಳಲ್ಲಿ ಹತ್ತಿ ಬಿರಿದು ನಿಂತಿತ್ತು. ದೇವದುರ್ಗದಿಂದ ನನ್ನ ತಂದೆಯೂ ಬಂದ. ಅಷ್ಟು ವರ್ಷ ಮಾತು ಬಿಟ್ಟಿದ್ದವನು ಅಕ್ಕನ ಕಾಲು ಹಿಡಿದುಕೊಂಡು ಕೂತುಬಿಟ್ಟ, ಎಬ್ಬಿಸಲು ಆಗಲಿಲ್ಲ.

ಕುಣಿಯ ಹತ್ತಿರ ಪ್ರಶ್ನೆ ಬಂತು. ಮಗನಿಲ್ಲ, ಮೊದಲ ಮಣ್ಣು ಯಾರು ಕೊಡಬೇಕು? ನನ್ನ ಗಂಡ ತಲೆಯ ರುಮಾಲು ಬಿಚ್ಚಿ ಮುಂದೆ ಬಂದರು. ಊರ ಹಿರಿಯರೊಬ್ಬರು ತಡೆದು, "ನೀ ಬ್ಯಾರೆ ಮನಿಯಾಂವ ಅಲ್ಲೇನಪಾ? ಈಕಿ ನಿನಗೇನಾಗಬೇಕು?" ಎಂದರು.

ನನ್ನ ಗಂಡ ಬಾಗಿ ಒಂದು ಹಿಡಿ ಮಣ್ಣು ಎತ್ತಿಕೊಂಡರು.

"ನನಗ ಖರೇ ಹೇಳಿದಾಕಿ" ಎಂದರು.

ಹಿರಿಯರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.